ಸಿಲೆಬಸ್ ಓದಿ ಪದವಿ ಆರಿಸೋಣ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ಅಂಕೋಲೆಯ ಅಕ್ಕನ ಮನೆಯ ಜಗಲಿಯಲ್ಲಿ ಅವಳ ಮಗಳ ಪದವಿಯ ಬಗ್ಗೆ ನಡೆದ ಮಾತಿನಲ್ಲಿ ಕಾಲೇಜುಗಳ ಹೆಸರು, ಹಾಸ್ಟೆಲ್ ಶುಲ್ಕ, ಬಸ್ಸಿನ ವೇಳೆ ಎಲ್ಲವೂ ಬಂದುಹೋದವು. ಆ ಪದವಿಯಲ್ಲಿ ಮಗಳು ವರ್ಷಗಟ್ಟಲೆ ಕುಳಿತು ಓದುವುದು ಏನನ್ನು ಎಂದು ಮಾತ್ರ ಯಾರೂ ಕೇಳಲಿಲ್ಲ. ನಾನು ಬಿ.ಎಸ್ಸಿ. ಸೇರಿದಾಗಲೂ ಹೀಗೆಯೇ ಆಗಿತ್ತು. ಗೆಳೆಯರೆಲ್ಲ ತೆಗೆದುಕೊಂಡರೆಂದು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ತೆಗೆದುಕೊಂಡೆ. ಪಕ್ಕದ ಲ್ಯಾಬಿನವರು ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸುವುದನ್ನು ಕಂಡಾಗ ನನ್ನ ಮನಸ್ಸು ಎಲ್ಲಿದೆ ಎಂದು ತಿಳಿಯಿತು. ಅಷ್ಟರಲ್ಲಿ ಕಾಂಬಿನೇಷನ್ ಬದಲಿಸುವ ಅವಧಿ ಮುಗಿದಿತ್ತು. ಆ ನೋವು ಇಂದಿಗೂ ಇದೆ.

ಅಕ್ಕನ ಮಗಳಿಗೆ ಕಾಡೆಂದರೆ ಪ್ರೀತಿ. ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಶಿರಸಿಯ ಅರಣ್ಯ ಮಹಾವಿದ್ಯಾಲಯದ ನಾಲ್ಕು ವರ್ಷಗಳ ಪದವಿಯ ಸಿಲೆಬಸ್ ಮುದ್ರಿಸಿ ಇಬ್ಬರೂ ಓದತೊಡಗಿದೆವು. ಪ್ರತಿ ವಿಷಯದ ಮುಂದೆ 2+1 ಎಂಬಂಥ ಅಂಕಿಗಳಿದ್ದವು. ಮೊದಲನೆಯದು ಪಾಠದ ಕ್ರೆಡಿಟ್ (ಓದಿನ ಹೊರೆಯ ಅಳತೆ), ಎರಡನೆಯದು ಪ್ರಯೋಗದ್ದು ಎಂದು ವಿವರಿಸಿದೆ. ಮಣ್ಣು, ಸಂಖ್ಯಾಶಾಸ್ತ್ರ, ವನ್ಯಜೀವಿ ದಾಟಿ ಅರಣ್ಯ ಮಾಪನಕ್ಕೆ ಬಂದಾಗ ಅವಳ ಬೆರಳು ನಿಂತಿತು. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಮರದ ಸುತ್ತಳತೆ ಹಿಡಿದು, ಎತ್ತರ ಅಳೆದು, ನಾಟಾ ಎಷ್ಟು ಸಿಗುತ್ತದೆಂದು ಅಂದಾಜಿಸುವ ವಿದ್ಯೆ ಅದು. "ಮಾವ, ಕಾಡಿನಲ್ಲಿ ಇಷ್ಟೊಂದು ಲೆಕ್ಕ ಇದೆಯಾ?" ಎಂದಳು. ಅವಳು ಹೆದರಲಿಲ್ಲ, ಪೆನ್ಸಿಲ್ ತಂದು ಗುರುತು ಹಾಕಿಕೊಂಡಳು. ಈ ಪ್ರಶ್ನೆ ಸೀಟು ಪಡೆಯುವ ಮೊದಲೇ ಹುಟ್ಟಿತೆಂಬುದು ನನಗೆ ದೊಡ್ಡ ಸಮಾಧಾನ.

ಕಡಲ ಜೀವಿಗಳನ್ನು ಓದಬೇಕೆನ್ನುವ ನಮ್ಮ ಕರಾವಳಿಯ ಮಕ್ಕಳು ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದತ್ತ ನೋಡುತ್ತಾರೆ. ಅದು ಸ್ನಾತಕೋತ್ತರ ಓದು; ಅಲ್ಲಿಗೆ ಯಾವ ವಿಷಯದ ಪದವೀಧರರು ಅರ್ಹರೆಂದು ಮೊದಲು ನೋಡಿ, ಅಲ್ಲಿಂದ ಹಿಂದಕ್ಕೆ ಬಂದು ಬಿ.ಎಸ್ಸಿ.ಯ ವಿಷಯಗಳನ್ನು ಆರಿಸುವುದು ಸರಿಯಾದ ಕ್ರಮ. ನೀರಿನ ಲವಣಾಂಶ, ಕರಗಿದ ಆಮ್ಲಜನಕ ಇವನ್ನು ತಿಳಿಯದೆ ಕಡಲ ಜೀವಿಗಳ ಬದುಕು ಅರ್ಥವಾಗದು; ಆದ್ದರಿಂದ ರಸಾಯನಶಾಸ್ತ್ರವನ್ನು ದೂರವಿಡಲಾಗದು.

ಹಿರಿಯ ವಿದ್ಯಾರ್ಥಿಗಳ ಮಾತನ್ನಷ್ಟೇ ನಂಬಿ ಸೇರುವುದೂ ಈಗ ಕಷ್ಟ. ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿಯ ರಚನೆ ನಾಲ್ಕು ವರ್ಷಗಳದ್ದಾಗಿ ಬದಲಾಯಿತು. 2024-25ರಿಂದ ಸಾಮಾನ್ಯ ಪದವಿಗಳು ಮತ್ತೆ ಮೂರು ವರ್ಷಕ್ಕೆ ಮರಳಿದವು. 2023ರಲ್ಲಿ ಸೇರಿದ ಅಣ್ಣನ ವಿಷಯಪಟ್ಟಿ ಇಂದು ಸೇರುವ ತಂಗಿಗೆ ಹೊಂದುವುದಿಲ್ಲ.

ಪಿಯು ಕಾಲೇಜುಗಳ ಗ್ರಂಥಾಲಯದಲ್ಲಿ ಸುತ್ತಲಿನ ಪದವಿಗಳ ಈ ವರ್ಷದ ಸಿಲೆಬಸ್ ಪ್ರತಿಗಳನ್ನು ಜೋಡಿಸಿಡಬೇಕೆಂದು ನಾನು ಕೇಳುತ್ತಿದ್ದೇನೆ. ಅದಕ್ಕೆ ಬೇಕಾಗುವುದು ಝೆರಾಕ್ಸ್ ಖರ್ಚು ಮತ್ತು ಮಕ್ಕಳೊಡನೆ ಕುಳಿತು ಓದುವ ಒಬ್ಬ ಉಪನ್ಯಾಸಕರ ಒಂದು ಮಧ್ಯಾಹ್ನ. ಅಕ್ಕನ ಮಗಳು ಇನ್ನೂ ತೀರ್ಮಾನಿಸಿಲ್ಲ. ಗುರುತು ಹಾಕಿದ ಹಾಳೆಗಳನ್ನು ಹಿಡಿದು ಬರುವ ಶನಿವಾರ ನನ್ನೊಡನೆ ಶಿರಸಿಗೆ ಬರುತ್ತಿದ್ದಾಳೆ.