ಸಂಬಳ ಜಾಸ್ತಿ ಕೊಟ್ಟ ಮಾತ್ರಕ್ಕೆ ಆಟಗಾರ ಸ್ವತ್ತಾಗಲ್ಲ

"ಅಷ್ಟು ದುಡ್ಡು ಎಣಿಸ್ತಾರೆ, ಇವರಿಗೇನು ಕಷ್ಟ?" ಆಟಗಾರರು ಹಕ್ಕಿನ ಮಾತೆತ್ತಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ನನಗೆ ಆಗೆಲ್ಲ ಕರ್ಟ್ ಫ್ಲಡ್ ನೆನಪಾಗುತ್ತಾರೆ.

ಫ್ಲಡ್ ಅಮೆರಿಕದ ಕಪ್ಪು ಬೇಸ್‌ಬಾಲ್ ಆಟಗಾರ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರವಾಗಿ 12 ಸೀಸನ್ ಆಡಿದ್ದರು. 1969ರ ಅಕ್ಟೋಬರ್‌ನಲ್ಲಿ ಅವರನ್ನು ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟುಬಿಟ್ಟರು. ಒಂದು ಮಾತೂ ಕೇಳಲಿಲ್ಲ. ಕರಾರಿನಲ್ಲಿ ಆಗಿದ್ದ 'ರಿಸರ್ವ್ ಕ್ಲಾಸ್' ಅನ್ನೋ ಷರತ್ತಿನ ಪ್ರಕಾರ ಕರಾರು ಮುಗಿದರೂ ಆಟಗಾರ ಅದೇ ಮಾಲೀಕನ ಕೈಯಲ್ಲಿ. ಇಷ್ಟವಿಲ್ಲದಿದ್ದರೆ ಆಟವನ್ನೇ ಬಿಡಬೇಕು, ಅಷ್ಟೇ. ಫ್ಲಡ್ ಸಂಬಳ ವರ್ಷಕ್ಕೆ 90,000 ಡಾಲರ್ ಇತ್ತು. ಆದರೂ 'ನಾನು ಕೊಂಡು ಮಾರುವ ಸ್ವತ್ತಲ್ಲ' ಅಂತ ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ ಕಮಿಷನರ್‌ಗೆ ಪತ್ರ ಬರೆದರು. ಕೋರ್ಟಿಗೂ ಹೋದರು.

ಈ ಜಗಳಕ್ಕೆ ಯೆಹೂದಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮುಡ್‌ನಲ್ಲಿ ಹಳೆಯದೊಂದು ಉತ್ತರವಿದೆ. ಕೂಲಿಯಾಳು ನಟ್ಟನಡು ಹೊತ್ತಿನಲ್ಲೂ ಕೆಲಸ ಬಿಟ್ಟು ಹೋಗಬಹುದು ಅನ್ನುತ್ತಾರೆ 3ನೇ ಶತಮಾನದ ಪಂಡಿತ ರವ್. ಯಾಕೆ? ಜನ ದೇವರ ಸೇವಕರು, ಸೇವಕರಿಗೆ ಸೇವಕರಲ್ಲ. ಮಾಲೀಕನ ನಷ್ಟವನ್ನೂ ಆ ಕಾನೂನು ಮರೆತಿಲ್ಲ. ನೆನೆಹಾಕಿದ ಅಗಸೆ ನಾರು ಕೊಳೆಯುತ್ತದೆ, ಮದುವೆಗೆ ಕೊಳಲು ಊದುವವರು ಕೈಕೊಡುತ್ತಾರೆ, ಆಗ ಏನು ಮಾಡೋದು? ಬಿಟ್ಟುಹೋದವನ ಖರ್ಚಿನಲ್ಲಿ ಬೇರೆಯವರನ್ನು ಕರೆಸಬಹುದು. ನನಗೆ ತುಂಬಾ ಹಿಡಿಸಿದ್ದು ಇದೇ. ನಷ್ಟಕ್ಕೆ ದುಡ್ಡಿನ ಲೆಕ್ಕ ಇದೆ, ಆದರೆ ಆಳನ್ನು ಕಟ್ಟಿಹಾಕುವ ಹಕ್ಕು ಯಾರಿಗೂ ಇಲ್ಲ. ರಿಸರ್ವ್ ಷರತ್ತು ಹೋದರೆ ಆಟವೇ ಕುಸಿಯುತ್ತದೆ ಅಂತ ವಾದಿಸಿದ ತಂಡದ ಮಾಲೀಕರು ಕೇಳಿದ್ದು ಆ ಹಕ್ಕನ್ನೇ ಅಲ್ವಾ?

1970ರ ವಿಚಾರಣೆಯಲ್ಲಿ ಫ್ಲಡ್ ಪರ ಸಾಕ್ಷಿ ಹೇಳಲು ಆಗ ಆಡುತ್ತಿದ್ದ ಒಬ್ಬ ಆಟಗಾರನೂ ಬರಲಿಲ್ಲ. ಭಯ. ಬಂದವರು ನಿವೃತ್ತ ಆಟಗಾರರಾದ ಜಾಕಿ ರಾಬಿನ್ಸನ್, ಹ್ಯಾಂಕ್ ಗ್ರೀನ್‌ಬರ್ಗ್. ಗ್ರೀನ್‌ಬರ್ಗ್ ಯೆಹೂದಿ. 1934ರಲ್ಲಿ ತಂಡ ಲೀಗ್ ಗೆಲ್ಲಲು ಹೋರಾಡುತ್ತಿದ್ದಾಗ ಯೆಹೂದಿಗಳ ಪವಿತ್ರ ಉಪವಾಸದ ದಿನ ಯೋಮ್ ಕಿಪ್ಪುರ್‌ನಂದು ಆಡದೆ ಅವರ ಪ್ರಾರ್ಥನಾ ಮಂದಿರ ಸಿನಗಾಗ್‌ಗೆ ಹೋದವರು. 1946ರಲ್ಲಿ 44 ಹೋಮ್ ರನ್ ಹೊಡೆದು ಲೀಗ್‌ನಲ್ಲೇ ಮೊದಲಿಗರಾದರು, ಆದರೂ ಮರುವರ್ಷದ ಜನವರಿಯಲ್ಲೇ ಅವರ ತಂಡ ಡೆಟ್ರಾಯ್ಟ್ ಅವರನ್ನು ಪಿಟ್ಸ್‌ಬರ್ಗ್‌ಗೆ ಸಾಗಹಾಕಿತು. ಆಮೇಲೆ ಕ್ಲೀವ್‌ಲ್ಯಾಂಡ್ ತಂಡದ ಜನರಲ್ ಮ್ಯಾನೇಜರ್ ಆಗಿ ಮಾಲೀಕರ ಪಕ್ಕದಲ್ಲೇ ಕೂತಿದ್ದರು. ಅಂಥವರು ಆಟಗಾರನ ಪರ ನಿಂತರಲ್ಲ, ಅದು ದೊಡ್ಡದು. ಫ್ಲಡ್ ವಕೀಲ ಆರ್ಥರ್ ಗೋಲ್ಡ್‌ಬರ್ಗ್, ಆಟಗಾರರ ಯೂನಿಯನ್ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಕೂಡ ಯೆಹೂದಿಗಳೇ. ಇವರೆಲ್ಲ ತಾಲ್ಮುಡ್ ಓದಿಕೊಂಡು ಬಂದರು ಅಂತ ನಾನು ಹೇಳುತ್ತಿಲ್ಲ. ಮಿಲ್ಲರ್ ಮಾತಾಡಿದ್ದು ಯೂನಿಯನ್ ಭಾಷೆ. ಆದರೆ ಎರಡೂ ಕಡೆ ಕೇಳಿದ್ದು ಒಂದೇ ಪ್ರಶ್ನೆ: ದುಡಿಯುವವನು 'ಒಲ್ಲೆ' ಅನ್ನಬಹುದಾ?

1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಫ್ಲಡ್ 5-3ರಿಂದ ಸೋತರು. ಅಷ್ಟರಲ್ಲಿ ಅವರ ಆಟವೂ ಮುಗಿದಿತ್ತು. 1975ರ ಡಿಸೆಂಬರ್‌ನಲ್ಲಿ ಇನ್ನಿಬ್ಬರು ಆಟಗಾರರ ಪರ ಮಧ್ಯಸ್ಥಗಾರ ಪೀಟರ್ ಸೈಟ್ಸ್ ತೀರ್ಪು ಕೊಟ್ಟ ಮೇಲೆ ಆ ಕಟ್ಟು ಸಡಿಲವಾಯಿತು. ಬೇಸ್‌ಬಾಲ್ ಕುಸಿಯಲಿಲ್ಲ. ಸಂಬಳವೂ ಬೆಳೆಯಿತು, ಆಟವೂ ಬೆಳೆಯಿತು. ಗ್ರೀನ್‌ಬರ್ಗ್, ಮಿಲ್ಲರ್ ಇಬ್ಬರೂ ಬೇಸ್‌ಬಾಲ್ ಸಾಧಕರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಫ್ಲಡ್ 1997ರಲ್ಲಿ ತೀರಿಕೊಂಡರು, ಅವರಿಗೆ ಅಲ್ಲಿ ಇನ್ನೂ ಜಾಗ ಕೊಟ್ಟಿಲ್ಲ. ಕೊಡಲೇಬೇಕು.