ಮೊದಲು ಉಷ್ಣತೆಯ ಪಾಲು ಕಳೆಯಿರಿ

ಸಕಲೇಶಪುರ ಭಾಗದ ಹಳೆಯ ಸೇತುವೆಗಳಿಗೆ ಸೆನ್ಸರ್ ಅಂಟಿಸಿದರೆ ಬಿರುಕು ಬಿಟ್ಟ ಕೂಡಲೇ ಮೊಬೈಲ್‌ಗೆ ಸಂದೇಶ ಬರುತ್ತದೆ ಎಂದು ಸೇತುವೆ ಸೆನ್ಸರ್‌ಗಳ ಬಗೆಗಿನ ಲೇಖನವೊಂದರಲ್ಲಿದೆ. ಅಷ್ಟು ಸಲೀಸಲ್ಲ. ಕಾಂಕ್ರೀಟ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ ಸುಮಾರು 10 ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಭಾಗ) ಹಿಗ್ಗುತ್ತದೆ. 30 ಮೀಟರ್ ಗರ್ಡರ್ (ಸೇತುವೆಯ ರಸ್ತೆ ಹೊರುವ ತೊಲೆ) 10 ಡಿಗ್ರಿ ಏರಿಳಿತಕ್ಕೇ 3 ಮಿಲಿಮೀಟರ್ ಆಡುತ್ತದೆ. ಹಾಗಾಗಿ ಬಿರುಕಿನ ಅಗಲ ಅಳೆಯುವ ಕ್ರ್ಯಾಕ್‌ಮೀಟರ್ ಪಕ್ಕದಲ್ಲೇ ಉಷ್ಣತೆ ಅಳೆಯುವ ಥರ್ಮಿಸ್ಟರ್ ಇರಲೇಬೇಕು. ಬೇಸಿಗೆ, ಮಳೆ, ಚಳಿ ಸೇರಿ ಪೂರ್ತಿ ಒಂದು ವರ್ಷದ ದತ್ತಾಂಶ ಬೇಕು. ಉಷ್ಣತೆಯಿಂದಾದ ಬದಲಾವಣೆಯ ಪಾಲು ಕಳೆದ ಮೇಲೂ ಓದಿಕೆ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ, ಅಥವಾ ಒಮ್ಮೆಲೇ ಜಿಗಿದರೆ, ಆಗ ಸೇತುವೆ ಪರೀಕ್ಷಿಸಲು ತಡಮಾಡಬೇಡಿ.

ಮಲೆನಾಡಲ್ಲಿ ಉಪಕರಣ ಕೆಡಿಸುವುದು ನೀರು ಮತ್ತು ಸಿಡಿಲು. ಕೇಬಲ್ ಉಪಕರಣದ ಪೆಟ್ಟಿಗೆಯೊಳಕ್ಕೆ ಕೆಳಗಿನಿಂದಲೇ ಹೋಗಲಿ. ಮುಂಚೆ ಒಂದು ಬಾಗು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಸಿಡಿಲಿನ ವಿದ್ಯುತ್ ಹೊಡೆತ ತಡೆಯುವ ಸರ್ಜ್ ಅರೆಸ್ಟರ್ ಹಾಕಿದ್ದೂ ದಂಡ. ಉದ್ದ ಕೇಬಲ್ ಇದ್ದಲ್ಲಿ ವೈಬ್ರೇಟಿಂಗ್ ವೈರ್ ಗೇಜ್ (ಬಿಗಿದ ತಂತಿಯ ಕಂಪನದಿಂದ ಅಳೆಯುವ ಸಾಧನ) ವಾಸಿ, ಸಂಕೇತ ಆವರ್ತನದ ರೂಪದಲ್ಲಿರುವುದರಿಂದ ಕೇಬಲಿನ ರೋಧ ಬದಲಾದರೂ ಓದಿಕೆ ಕೆಡದು.

ಲೇಖನ ಬಿಟ್ಟಿರುವ ದೊಡ್ಡ ವಿಷಯ: ಹೇಮಾವತಿ ನದಿ ತುಂಬಿ ಹರಿಯುವಾಗ ಕಂಬದ ಬುಡದ ಮಣ್ಣು ಕೊಚ್ಚಿಹೋಗುವುದು. ಅದನ್ನು ಗರ್ಡರಿನ ಹಿಗ್ಗು-ಕುಗ್ಗು ಅಳೆಯುವ ಸ್ಟ್ರೇನ್ ಗೇಜ್ ಹೇಳುವುದಿಲ್ಲ. ಕಂಬದ ತಲೆಗೆ ವಾಲುವಿಕೆ ಅಳೆಯುವ ಟಿಲ್ಟ್‌ಮೀಟರ್, ಬುಡಕ್ಕೆ ಶಬ್ದದ ಅಲೆಯಿಂದ ನೀರಿನಡಿಯ ಆಳ ಅಳೆಯುವ ಸೋನಾರ್ ಬೇಕು. ನೆರೆ ಇಳಿದ ಮೇಲೆ ಅಳೆದರೆ ಸಾಲದು. ಅಷ್ಟರಲ್ಲಿ ಗುಂಡಿಗೆ ಸಡಿಲ ಹೂಳು ತುಂಬಿ ಎಲ್ಲ ಸರಿಯಿದ್ದಂತೆ ಕಾಣುತ್ತದೆ.