ತೋಳದ ತಲೆ ಯಾರದು, ಬಾಲ ಯಾರದು?

ಸ್ಪೇನಿನ ವಾಯವ್ಯ ಮೂಲೆಯಲ್ಲಿ ಎಯೋ ಮತ್ತು ನಾವಿಯಾ ಅಂತ ಎರಡು ನದಿಗಳಿವೆ. ಎರಡೂ ಬೆಟ್ಟ ಇಳಿದು ಉತ್ತರಕ್ಕೆ ಹರಿದು ಸಮುದ್ರ ಸೇರುತ್ತವೆ. ನಡುವಿನ ನೆಲ ಆಡಳಿತದ ಲೆಕ್ಕದಲ್ಲಿ ಆಸ್ಟೂರಿಯಾಸ್ ಪ್ರಾಂತ್ಯದ್ದು; ಅದರ ಪಶ್ಚಿಮಕ್ಕೆ ಗಲೀಸಿಯಾ. ಈ ನಡುವಿನ ಜನ ಮನೆಯಲ್ಲಿ, ಹೊಲದಲ್ಲಿ, ಮೀನು ಹರಾಜಿನಲ್ಲಿ ಆಡುವುದಕ್ಕೆ ತಾವೇ ಇಟ್ಟುಕೊಂಡ ಹೆಸರು 'ಫಾಲಾ'. ಅಂದರೆ ಮಾತು, ಅಷ್ಟೇ. ಅಷ್ಟಕ್ಕೇ ಬಿಟ್ಟಿದ್ದರೆ ನನಗೆ ಈ ವಾರ ಬರೆಯಲು ಏನೂ ಇರುತ್ತಿರಲಿಲ್ಲ.

ಆದರೆ ಮಾತಿಗೆ 'ಮಾತು' ಅಂತ ಹೆಸರಿಟ್ಟರೆ ವಿದ್ವಾಂಸರ ಹೊಟ್ಟೆ ತುಂಬುವುದು ಹೇಗೆ? 1932ರಲ್ಲಿ ಬಂದ ಶಬ್ದಕೋಶವೊಂದು ಇದನ್ನು 'ಪಶ್ಚಿಮದ ಬಾಬ್ಲೆ' ಅಂದಿತು. ಬಾಬ್ಲೆ ಅಂದರೆ ಆಸ್ಟೂರಿಯನ್ ಭಾಷೆಯ ಹಳೆಯ ಹೆಸರು. ಆಮೇಲೆ ಕವಿ, ಪಂಡಿತ ದಾಮಾಸೊ ಅಲೋನ್ಸೊ ಬಂದು, ಗಲೀಸಿಯಾದ ಭಾಷೆಯಾದ ಗಲೇಗೊವನ್ನೂ ಸೇರಿಸಿ 'ಗಲೇಗೊ-ಆಸ್ಟೂರಿಯಾನೊ' ಅಂದರು. ಅದು ಉದ್ದವಾಯಿತು ಅನ್ನಿಸಿದವರು ಎರಡೂ ನದಿಗಳನ್ನು ಹೊಲಿದು 'ಎಯೋನವಿಯೇಗೊ' ಮಾಡಿದರು. 'ಇದು ಗಲೇಗೊ ಭಾಷೆಯೇ, ಅನುಮಾನ ಬೇಡ' ಎನ್ನುವವರು 'ಆಸ್ಟೂರಿಯಾಸಿನ ಗಲೇಗೊ' ಎಂದು ಕರೆದರು. ನಾಮಕರಣಕ್ಕೆ ಬಂದವರ ಸಾಲು ಬೆಳೆಯುತ್ತಲೇ ಇದೆ. ತೊಟ್ಟಿಲು ತಂದವರು ಮಾತ್ರ ಒಬ್ಬರೂ ಇಲ್ಲ.

ಗಲೀಸಿಯಾದವರಿಗೆ 1906ರಿಂದ ಒಂದು ಭಾಷಾ ಅಕಾಡೆಮಿ ಇದೆ. ಆಸ್ಟೂರಿಯಾಸಿನವರಿಗೆ 1980ರಿಂದ. ಗಲೀಸಿಯಾದ ಭಾಷಾಶಾಸ್ತ್ರಜ್ಞರು ತಮ್ಮ ಭಾಷಾ ನಕಾಶೆ ಮಾಡುವಾಗ ಪ್ರಾಂತ್ಯದ ಗಡಿ ದಾಟಿ ಈ ಕಡೆಯ ಹಳ್ಳಿಗಳಲ್ಲೂ ಚುಕ್ಕಿ ಇಟ್ಟರು: ಇದು ನಮ್ಮದೇ ಕವಲು. ಆಸ್ಟೂರಿಯಾಸಿನ ಅಕಾಡೆಮಿ ಇದಕ್ಕೆಂದೇ ಒಂದು ವಿಭಾಗ ತೆರೆದು, 2007ರಲ್ಲಿ ಕಾಗುಣಿತದ ನಿಯಮಗಳನ್ನೂ ಅಚ್ಚು ಹಾಕಿಸಿತು: ಇದು ನಮ್ಮ ಪ್ರಾಂತ್ಯದ ಮಾತು, ಹೊಣೆ ನಮ್ಮದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿನದು ಅದಕ್ಕಿಂತ ಒಂದು ಕೈ ಮೇಲು. ಕೂಸು ತನ್ನದು ಅಂತ ಇಬ್ಬರೂ ಎದೆ ಬಡಿದುಕೊಳ್ಳುತ್ತಾರೆ; ಇಬ್ಬರ ಮನೆಯ ಪಡಿತರ ಚೀಟಿಯಲ್ಲೂ ಕೂಸಿನ ಹೆಸರಿಲ್ಲ.

ಜಗಳದ ವಸ್ತುವನ್ನೇ ಸ್ವಲ್ಪ ಮುಟ್ಟಿ ನೋಡೋಣ. ತೋಳಕ್ಕೆ ಗಲೇಗೊದಲ್ಲಿ 'ಲೋಬೊ', ಆಸ್ಟೂರಿಯನ್ನಿನಲ್ಲಿ 'ಲ್ಯೋಬು'. ನಡುವಿನ ನಾಡಿನ ಬಹುಪಾಲು ಊರುಗಳಲ್ಲಿ ಅದೇ ಪ್ರಾಣಿ 'ಲ್ಯೋಬೊ'. ತಲೆ ಆಸ್ಟೂರಿಯನ್, ಬಾಲ ಗಲೇಗೊ. ಕುರಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ, ಆದರೆ ಕುರಿಯನ್ನು ಯಾವ ಅಕಾಡೆಮಿಗೂ ಸದಸ್ಯನನ್ನಾಗಿ ಮಾಡಿಕೊಂಡಿಲ್ಲ. ನೆಲಕ್ಕೆ ಇವರು ಗಲೇಗೊದವರ ಹಾಗೆ 'ತೆರ್ರಾ' ಅನ್ನುತ್ತಾರೆ, ಆಸ್ಟೂರಿಯನ್ನರ ಹಾಗೆ 'ತಿಯೆರ್ರಾ' ಅನ್ನುವುದಿಲ್ಲ. ಗಂಡು ನಾಮಪದದ ಮುಂದೆ ಆಸ್ಟೂರಿಯನ್ನರ 'ಎಲ್', ಹೆಣ್ಣು ನಾಮಪದದ ಮುಂದೆ ಗಲೇಗೊದವರ 'ಅ'. ಮನೆಯೊಳಗೆ ಗಂಡ ಒಂದು ಪಕ್ಷ, ಹೆಂಡತಿ ಇನ್ನೊಂದು ಪಕ್ಷ. ಆದರೂ ಸಂಸಾರ ಸಾವಿರ ವರ್ಷದಿಂದ ಸುಸೂತ್ರ.

ಇದರಲ್ಲಿ ಒಂದು ರಸವತ್ತಾದ ಸಂಗತಿಯಿದೆ. 'ಇದು ಅಪ್ಪಟ ಗಲೇಗೊ' ಎಂದು ಹೋರಾಡಲು ಹುಟ್ಟಿದ ಸಂಘವೊಂದರ ಪೂರ್ಣ ಹೆಸರು 'ಮೇಸ ಪ್ರಾ ದೆಫೆನ್ಸ ದೆಲ್ ಗಲೇಗೊ ದೆ ಆಸ್ಟೂರಿಯಾಸ್ ಎ ದ ಕುಲ್ತೂರ ದ ಕೊಮಾರ್ಕ', ಅಂದರೆ ಆಸ್ಟೂರಿಯಾಸಿನ ಗಲೇಗೊ ಮತ್ತು ಈ ಸೀಮೆಯ ಸಂಸ್ಕೃತಿಯ ರಕ್ಷಣಾ ವೇದಿಕೆ. 'ಗಲೇಗೊದ' ಅನ್ನಲು ಅಪ್ಪಟ ಗಲೇಗೊದಲ್ಲಾದರೆ 'ದೊ ಗಲೇಗೊ' ಅನ್ನಬೇಕು. ಇವರು 'ದೆಲ್' ಅಂದಿದ್ದಾರೆ, ಊರಿನಲ್ಲಿ ಹಾಗೇ ಅನ್ನುವುದರಿಂದ. ಗಲೇಗೊದ ಪರ ಎತ್ತಿದ ಬಾವುಟದ ಮೇಲೇ ಆಸ್ಟೂರಿಯನ್ನಿಗೆ ಹತ್ತಿರದ ಪ್ರತ್ಯಯ ಕೂತು ನಗುತ್ತಿದೆ. ಎದುರು ಪಕ್ಷ ಖುಷಿಪಡುವ ಮೊದಲು ಇದನ್ನೂ ನೋಡಲಿ: ಆಸ್ಟೂರಿಯಾಸಿನ ಅಕಾಡೆಮಿ ಈ ಮಾತಿಗೆಂದು ಏನು ಬರೆದರೂ ಪ್ರತಿ ಸ್ತ್ರೀಲಿಂಗದ ಮುಂದೆ ಗಲೇಗೊದವರ 'ಅ' ಇಟ್ಟೇ ಮುಂದೆ ಹೋಗಬೇಕು.

ಈ ಗೊಂದಲಕ್ಕೆಲ್ಲ ಕಾರಣ ಇಷ್ಟೇ. ಗಲೇಗೊವನ್ನು ಆಸ್ಟೂರಿಯನ್ನಿನಿಂದ ಬೇರೆ ಮಾಡುವ ಗುಣಗಳು ಹತ್ತಾರಿವೆ. ಒಂದೊಂದಕ್ಕೂ ನಕಾಶೆಯ ಮೇಲೆ ಒಂದೊಂದು ಗೆರೆ ಎಳೆದರೆ, ಗೆರೆಗಳು ಒಂದೇ ಜಾಗದಲ್ಲಿ ಬೀಳುವುದಿಲ್ಲ. 'ಲ್ಯ'ದ ಗೆರೆ ಎಯೋ ನದಿಗೆ ಹತ್ತಿರ, 'ತಿಯೆರ್ರಾ'ದ ಗೆರೆ ನಾವಿಯಾ ನದಿಯ ಸುತ್ತಮುತ್ತ, ಮಿಕ್ಕವು ನಡುವೆ ಎಲ್ಲೆಲ್ಲೋ. ಪಶ್ಚಿಮದಿಂದ ಪೂರ್ವಕ್ಕೆ ನಡೆಯುತ್ತ ಹೋದರೆ ಒಂದೊಂದೇ ಗೆರೆ ದಾಟುತ್ತೀರಿ. ಯಾವ ಹೆಜ್ಜೆಯಲ್ಲಿ ಒಂದು ಭಾಷೆ ಮುಗಿದು ಇನ್ನೊಂದು ಶುರುವಾಯಿತು ಅಂತ ಕಾಲಿಗೆ ಗೊತ್ತಾಗುವುದಿಲ್ಲ. ಕಾಲಿಗೆ ಗೊತ್ತಾಗದಿದ್ದದ್ದು ಕುರ್ಚಿಗೆ ಮಾತ್ರ ಚೆನ್ನಾಗಿ ಗೊತ್ತು.

ಕುರ್ಚಿಗಳಲ್ಲೆಲ್ಲ ದೊಡ್ಡದು ರಾಮೋನ್ ಮೆನೆಂದೆಸ್ ಪಿದಾಲ್ ಅವರದು. ಸ್ಪ್ಯಾನಿಷ್ ಭಾಷಾಶಾಸ್ತ್ರದ ಪಿತಾಮಹ. ಗಲೀಸಿಯಾದ ಅಕಾಡೆಮಿ ಹುಟ್ಟಿದ 1906ರಲ್ಲೇ ಅವರು ಲೆಯೋನೀಸ್ ಉಪಭಾಷೆಯ (ಅವರ ಲೆಕ್ಕದಲ್ಲಿ ಆಸ್ಟೂರಿಯನ್ನೂ ಅದರೊಳಗೇ) ಬಗ್ಗೆ ಪ್ರಬಂಧ ಬರೆದು, ಗಡಿಯನ್ನು ನಾವಿಯಾ ನದಿಯ ಹತ್ತಿರ ತಂದು ಇಟ್ಟರು. ಅದರ ಪಶ್ಚಿಮಕ್ಕಿರುವುದು ಗಲೇಗೊ ಅಂದರು. ಆಸ್ಟೂರಿಯಾಸಿನ ಅಭಿಮಾನಿಗಳು ಇಂದಿಗೂ ಈ ಸಾಲು ಓದುವಾಗ ಕೆಮ್ಮುತ್ತಾರೆ. ಅಂದ ಹಾಗೆ, ಮೆನೆಂದೆಸ್ ಪಿದಾಲ್ ಹುಟ್ಟಿದ್ದು ಗಲೀಸಿಯಾದ ಅ ಕೊರೂಞಾದಲ್ಲಿ, ಆಸ್ಟೂರಿಯಾಸಿನ ಮನೆತನದಲ್ಲಿ. ಭಾಷೆಯ ಹಣೆಗೆ ಅಂಟಿಸುವ ಚೀಟಿಯನ್ನು ಅವರ ಹಣೆಗೂ ಅಂಟಿಸಬಹುದಿತ್ತು. ಯಾರಿಗೂ ಧೈರ್ಯ ಬಂದಿರಲಿಕ್ಕಿಲ್ಲ.

ಸರಕಾರದವರು ಪಂಡಿತರಷ್ಟು ದಡ್ಡರಲ್ಲ. ಅವರು ಪಕ್ಷ ವಹಿಸಲಿಲ್ಲ, ಓರೆಗೀಟು ಹಾಕಿದರು. ಆಸ್ಟೂರಿಯಾಸಿನ 1998ರ ಭಾಷಾ ಕಾಯ್ದೆ ಇರುವುದೇ 'ಬಾಬ್ಲೆ/ಆಸ್ಟೂರಿಯಾನೊ' ಬಳಕೆ ಮತ್ತು ಉತ್ತೇಜನಕ್ಕೆ. ಪ್ರಾಂತ್ಯದ ಮುಖ್ಯ ಭಾಷೆಗೇ ಒಂದು ಹೆಸರು ಸಾಲದೆ ನಡುವೆ ಗೀಟು. ಅದರ 2ನೇ ವಿಧಿಗೆ ಬಂದರೆ ನಮ್ಮ ಫಾಲಾ 'ಗಲೇಗೊ/ಆಸ್ಟೂರಿಯಾನೊ' ಆಗಿ ಕಾಣಿಸಿಕೊಳ್ಳುತ್ತದೆ. ಮುಖ್ಯ ಭಾಷೆಯ ರಕ್ಷಣೆಯನ್ನು 'ವಿಶೇಷ ನಿಯಮದ ಮೂಲಕ' ಇದಕ್ಕೂ ವಿಸ್ತರಿಸಲಾಗುವುದು ಅಂತ. ಈ ಗೀಟಿನ ಚಮತ್ಕಾರ ನೋಡಿ. ಅದು 'ಮತ್ತು' ಅಲ್ಲ, 'ಅಥವಾ' ಅಲ್ಲ. ಗಲೇಗೊದವನು ಬಂದರೆ ಎಡಗಡೆ ತೋರಿಸಬಹುದು, ಆಸ್ಟೂರಿಯಾಸಿನವನು ಬಂದರೆ ಬಲಗಡೆ. ಆ ಮಾತನ್ನು ಆಡುವವನೇ ಬಂದರೆ, ಗೀಟಿನ ಮೇಲೆ ಕೂರಿ ಸ್ವಾಮಿ, ವಿಶೇಷ ನಿಯಮ ಬರುತ್ತಿದೆ.

ಇನ್ನು ಮುಖ್ಯ ಭಾಷೆಯ ರಕ್ಷಣೆಯೇ ಎಷ್ಟರಮಟ್ಟಿನದು? 1981ರ ಸ್ವಾಯತ್ತ ಶಾಸನದ 4ನೇ ವಿಧಿ ಬಾಬ್ಲೆಗೆ 'ರಕ್ಷಣೆ' ಕೊಡುತ್ತದೆ, ಅಧಿಕೃತ ಸ್ಥಾನ ಕೊಡುವುದಿಲ್ಲ. ತಾನೇ ಹೊಸ್ತಿಲ ಹೊರಗೆ ನಿಂತಿರುವ ಭಾಷೆ, ಬೆನ್ನ ಹಿಂದಿರುವ ಇನ್ನೊಂದಕ್ಕೆ ಒಳಗೆ ಕೂರಿಸುವ ಭರವಸೆ ಕೊಡುತ್ತಿದೆ. ಆ ಬಾಗಿಲು ತೆರೆಯಲು ಪ್ರಾಂತ್ಯದ ಶಾಸನಸಭೆಯ 45 ಮತಗಳಲ್ಲಿ 27 ಬೇಕು. 2019ರಲ್ಲಿ ಆಯ್ಕೆಯಾದ ಸಭೆಯಲ್ಲಿ ಪರವಾಗಿದ್ದವರು 26. ಒಂದೇ ಒಂದು ಮತಕ್ಕಾಗಿ ತಿಂಗಳುಗಟ್ಟಲೆ ಚೌಕಾಸಿ ನಡೆದು, ಮುರಿದು ಬಿತ್ತು.

ಅಲ್ಲಿಂದ ಬೆಟ್ಟದ ಆಚೆಗೆ ಹೋಗಿ ನೋಡಿ. ಇಬಿಯಾಸ್ ಎಂಬ ತಾಲ್ಲೂಕಿನ ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದರೆ ಲೆಯೋನ್ ಸೀಮೆ, ಕಾಸ್ತಿಲಿಯಾ-ಲೆಯೋನ್ ಪ್ರಾಂತ್ಯ. ಅಲ್ಲಿನ ಎಲ್ ಬಿಯೆರ್ಸೊ ಭಾಗದ ಪಶ್ಚಿಮದಲ್ಲೂ ಇಂಥದೇ ಅಂಚಿನ ಮಾತು. ಆದರೆ ಆ ಪ್ರಾಂತ್ಯದ 2007ರ ಶಾಸನ ನೇರವಾಗಿ 'ಗಲೇಗೊ ಭಾಷೆ' ಅಂತ ಹೆಸರು ಹೇಳಿ, ಅದು ಬಳಕೆಯಲ್ಲಿರುವ ಕಡೆ ಗೌರವ, ರಕ್ಷಣೆ ಅನ್ನುತ್ತದೆ. ಗೀಟಿಲ್ಲ, ವಿಶೇಷ ನಿಯಮದ ಬಾಲವಿಲ್ಲ. ಒಂದು ಗುಡ್ಡ ಇಳಿದರೆ ಸಂದೇಹವೆಲ್ಲ ಪರಿಹಾರ! ಕಾರಣ ಊಹಿಸುವುದು ಕಷ್ಟವಲ್ಲ. ಕಾಸ್ತಿಲಿಯಾ-ಲೆಯೋನಿನವರಿಗೆ ಗಲೇಗೊ ಪಕ್ಕದ ಮನೆಯದು. ಒಪ್ಪಿಕೊಂಡರೆ ಕಳೆದುಕೊಳ್ಳುವುದೇನೂ ಇಲ್ಲ. ಆಸ್ಟೂರಿಯಾಸಿನವರಿಗೆ 'ಗಲೇಗೊ' ಎಂಬ ಪದ ಕೇಳಿದರೆ ಸಾಕು, ನಾಳೆ ಬೆಳಿಗ್ಗೆ ಗಲೀಸಿಯಾದವರು ಮೋಜಣಿ ಸರಪಳಿ ಹಿಡಿದು ಬಂದು ನಿಲ್ಲುತ್ತಾರೆ ಅನ್ನುವ ಭಯ. ಗಲೀಸಿಯಾದ ಕೆಲವು ಉತ್ಸಾಹಿಗಳೂ ಆ ಭಯ ಆರದಂತೆ ಆಗಾಗ ಎಣ್ಣೆ ಹೊಯ್ಯುತ್ತಾರೆ.

ಈ ಭಯ ಭಾಷೆಗಷ್ಟೇ ನಿಂತಿಲ್ಲ, ಉಪ್ಪುನೀರಿಗೂ ತಗುಲಿದೆ. ಎಯೋ ನದಿ ಸಮುದ್ರ ಸೇರುವಲ್ಲಿರುವ ಅಳಿವೆಗೆ ಗಲೀಸಿಯಾದವರು ತಮ್ಮ ದಡದ ಪಟ್ಟಣದ ಹೆಸರು ಹಿಡಿದು 'ರಿಬಾದೆಯೋ ಅಳಿವೆ' ಅನ್ನುತ್ತಾರೆ. ಆಸ್ಟೂರಿಯಾಸಿನವರು ಸತ್ತರೂ ಹಾಗೆ ಅನ್ನುವುದಿಲ್ಲ. ಅವರಿಗದು 'ಎಯೋ ಅಳಿವೆ'. ನಕಾಶೆಯಲ್ಲಿ ಯಾವ ಹೆಸರು ಬರಬೇಕು ಅಂತ ಸರಕಾರಗಳ ನಡುವೆ ನಿಜವಾಗಿಯೂ ಜಗಳ ನಡೆದಿದೆ. 2007ರಲ್ಲಿ ಯುನೆಸ್ಕೊ ಎರಡೂ ದಡ ಸೇರಿಸಿ ಜೀವಗೋಳ ಮೀಸಲು ಪ್ರದೇಶ ಘೋಷಿಸಿದಾಗ ಇಟ್ಟ ಹೆಸರು 'ರಿಯೊ ಎಯೋ, ಓಸ್ಕೋಸ್ ಇ ತೆರ್ರಾಸ್ ದೆ ಬುರೋನ್'. 'ರಿಯೊ' ಎಲ್ಲರದ್ದು, 'ಇ' ಸ್ಪ್ಯಾನಿಷ್, 'ತೆರ್ರಾಸ್' ಗಲೇಗೊ. ಇಡೀ ವಿವಾದದಲ್ಲಿ ನಡುನಾಡಿನ ಮಾತಿನ ಧಾಟಿಯನ್ನು ಸರಿಯಾಗಿ ಹಿಡಿದದ್ದು, ಪಾಪ, ಗೊತ್ತಿಲ್ಲದೆ ಯುನೆಸ್ಕೊ ಒಂದೇ.

ಅದೇ ಓಸ್ಕೋಸ್ ಸೀಮೆಯ, ಅಂದರೆ ಆಸ್ಟೂರಿಯಾಸ್ ಕಡೆಯ, ಸಾಂತಾ ಎಉಲಾಲಿಯಾದಲ್ಲಿ 1749ರಲ್ಲಿ ಹುಟ್ಟಿದ ಆಂತೋನಿಯೊ ರಾಯ್ಮುಂದೊ ಇಬಾಞೆಸ್ ಗಡಿಯಾಚೆ ಹೋಗಿ ಗಲೀಸಿಯಾದ ಸಾರ್ಗದೇಲೋಸಿನಲ್ಲಿ ಕಬ್ಬಿಣದ ಕುಲುಮೆ, ಪಿಂಗಾಣಿ ಕಾರ್ಖಾನೆ ತೆರೆದ. ಆ ಹೆಸರಿನ ಪಿಂಗಾಣಿ ಇಂದು ಗಲೀಸಿಯಾದ ಹೆಮ್ಮೆಯ ಗುರುತು. ಕುಲುಮೆ ಹೊತ್ತಿಸುವಾಗ ಅವನು ಯಾವ ಗೀಟಿನ ಯಾವ ಪಕ್ಕದಲ್ಲಿದ್ದ ಅಂತ ಯಾರೂ ಕೇಳಲಿಲ್ಲ. ದುಡ್ಡಿಗೆ ಉಪಭಾಷೆಯ ಹಂಗಿಲ್ಲ.

ಈಗ ಒಂದು ಕಚೇರಿ ಕಲ್ಪಿಸಿಕೊಳ್ಳಿ. ಎಯೋ ಅಳಿವೆಯ ಆಸ್ಟೂರಿಯಾಸ್ ದಡದ ಕಾಸ್ತ್ರೊಪೋಲ್ ಕಡೆಯ ಅಜ್ಜಿಯೊಬ್ಬರು ಕಿಟಕಿಯ ಮುಂದೆ ನಿಂತಿದ್ದಾರೆ.

"ಅಜ್ಜೀ, ಮಾತೃಭಾಷೆ ಯಾವುದು ಅಂತ ಬರೆಯಬೇಕು."

"ನಾವು ಆಡೋದೇ ಕಣಪ್ಪ. ಫಾಲಾ."

"ಹಾಗಂತ ಕಲಮು ಇಲ್ಲ ಅಜ್ಜಿ. ಗಲೇಗೊ ಅಂತ ಬರೀಲಾ?"

"ಗಲೇಗೊದವರು ಸೇತುವೆ ಆಚೆ ಇರೋರು. ನಾವು ಆಸ್ಟೂರಿಯಾಸಿನೋರು."

"ಹಾಗಾದ್ರೆ ಆಸ್ಟೂರಿಯನ್."

"ಅದು ರಾಜಧಾನಿ ಓವಿಯೇದೋ ಕಡೆಯೋರ ಮಾತು. ನನ್ನ ಬಾಯಲ್ಲಿ ಹೊರಳಲ್ಲ."

"ಎರಡೂ ಅಲ್ಲ ಅಂದ್ರೆ ಹೇಗಜ್ಜಿ? ತೋಳಕ್ಕೆ ಏನಂತೀರಿ?"

"ಬಂದಾಗ ಕೂಗ್ತೀವಪ್ಪ, ಏನಂತೀವಿ ಅಂತ ಯೋಚನೆ ಮಾಡ್ಕೊಂಡು ಕೂತ್ಕೋತೀವಾ?"

ಗುಮಾಸ್ತ ನಿಟ್ಟುಸಿರು ಬಿಟ್ಟು 'ಕಾಸ್ತಿಲಿಯನ್', ಅಂದರೆ ಸ್ಪ್ಯಾನಿಷ್, ಎಂಬ ಚೌಕಕ್ಕೆ ಗುರುತು ಹಾಕುತ್ತಾನೆ. ಆ ಚೌಕದ ಬಗ್ಗೆ ಎಂದೂ ತಕರಾರಿಲ್ಲ. ಅದು ಮೊದಲೇ ಅಚ್ಚಾಗಿರುತ್ತದೆ. ಇಬ್ಬರು ಮನೆಯ ಯಜಮಾನಿಕೆಗೆ ಬಡಿದಾಡುತ್ತಿದ್ದರೆ, ಮೂರನೆಯವನು ಬಾಡಿಗೆ ವಸೂಲಿ ಮಾಡಿಕೊಂಡು ಹೋಗುತ್ತಿದ್ದಾನೆ.

ನನ್ನನ್ನು ಕೇಳಿದರೆ, ಶಾಸ್ತ್ರದ ತಕ್ಕಡಿಯಲ್ಲಿ ತೂಗಿದಾಗ ಫಾಲಾ ಗಲೇಗೊದ ಕಡೆಗೇ ಹೆಚ್ಚು ವಾಲುತ್ತದೆ. 'ತೆರ್ರಾ' ಒಂದೇ ಅಲ್ಲ, ಎರಡು ಸ್ವರಗಳ ನಡುವಿನ 'ನ' ಬಿದ್ದುಹೋಗುವುದೂ ಅದನ್ನೇ ಹೇಳುತ್ತದೆ: ಚಂದ್ರನಿಗೆ ಆಸ್ಟೂರಿಯನ್ನರು ಅನ್ನುವ 'ಲ್ಯೂನ' ಇಲ್ಲಿ ಇಲ್ಲ, 'ನ' ಬಿದ್ದುಹೋಗಿದೆ. ಆದರೆ ಹಾಗೆ ವಾಲಿದ ಮಾತ್ರಕ್ಕೆ ಕಾಸ್ತ್ರೊಪೋಲಿನ ಜನ ಪಾಸ್‌ಬುಕ್ಕು ಎತ್ತಿಕೊಂಡು ರಿಬಾದೆಯೋಗೆ ಮನೆ ಬದಲಾಯಿಸಬೇಕಾಗಿಲ್ಲ. 1987ರಿಂದ ಎರಡೂ ದಡಕ್ಕೆ 600 ಮೀಟರಿನಷ್ಟು ಉದ್ದದ ಸೇತುವೆ ಇದೆ. ಸಂತೆಗೆ, ನೆಂಟರ ಮನೆಗೆ ಹೋಗಿಬರುತ್ತಾರೆ. ಆಚೆ ದಡದಲ್ಲಿ ಮಾತು ಅಧಿಕೃತ, ಈಚೆ ದಡದಲ್ಲಿ ಅದರ ತಮ್ಮನಂಥ ಮಾತು ಓರೆಗೀಟು. ಸೇತುವೆಯ ಯಾವ ಕಂಬದ ಹತ್ತಿರ ಹಕ್ಕು ಉದುರಿ ನೀರಿಗೆ ಬೀಳುತ್ತದೆ ಅಂತ ಒಂದು ಫಲಕ ಹಾಕಿಸಿದ್ದರೆ ಪ್ರವಾಸಿಗರಿಗಾದರೂ ಅನುಕೂಲವಾಗುತ್ತಿತ್ತು.

ಎರಡೂ ಅಕಾಡೆಮಿಗಳಿಗೆ ನನ್ನದೊಂದು ಸಲಹೆ. ಒಂದು ಜಂಟಿ ಸಭೆ ಕರೆಯಿರಿ. ಜಾಗ ತಟಸ್ಥವಾಗಿರಲಿ, ಅಳಿವೆಯ ನಟ್ಟನಡುವೆ ದೋಣಿಯಲ್ಲಿ. ಅಳಿವೆಯ ಹೆಸರು ಹಾಕಬೇಕಾಗುವುದರಿಂದ ಆಹ್ವಾನ ಪತ್ರಿಕೆ ಅಚ್ಚು ಹಾಕುವುದು ಕಷ್ಟವಾದೀತು, ಫೋನಿನಲ್ಲೇ ಹೇಳಿ. ವಿಷಯಪಟ್ಟಿಯಲ್ಲಿ ಒಂದೇ ವಿಷಯವಿರಲಿ: ಈ ಭಾಷೆ ಯಾರದು? ಮಾತು ಬಿಸಿಯೇರುತ್ತದೆ, ತೋಳದ ತಲೆ ಬಾಲಗಳು ಹಾರಾಡುತ್ತವೆ, ಇತಿಹಾಸ ಹೇಳಿಕೊಳ್ಳಲು ಇಬ್ಬರಿಗೂ ಬೇಕಾದಷ್ಟಿದೆ. ಸಂಜೆ ನಡಾವಳಿ ಬರೆಯಲು ಕಾರ್ಯದರ್ಶಿ ಪೆನ್ನು ತೆಗೆದು, ಯಾವ ಭಾಷೆಯಲ್ಲಿ ಬರೆಯಲಿ ಅಂತ ಕೇಳುತ್ತಾನೆ. ಅಲ್ಲಿಯತನಕ ಒಂದು ಅಲ್ಪವಿರಾಮಕ್ಕೂ ಒಪ್ಪದಿದ್ದ ಎರಡೂ ಕಡೆಯವರು ಆಗ ಒಂದೇ ದನಿಯಲ್ಲಿ ಉತ್ತರಿಸುತ್ತಾರೆ: ಕಾಸ್ತಿಲಿಯನ್ನಿನಲ್ಲೇ ಬರೆಯಿರಿ, ಎಲ್ಲರಿಗೂ ಅರ್ಥವಾಗಬೇಕಲ್ಲ!